ಆಂಪಿಯರ್ ಇಳಿದರೆ ಬಿಲ್ಲೂ ಇಳಿಯುತ್ತದೆಯೇ?

ಸಾಕೆಟ್‌ಗೆ ಸಿಕ್ಕಿಸಿದರೆ ಸಾಕು, ಕರೆಂಟ್ ಬಿಲ್ ಇಳಿಯುತ್ತದೆ ಎಂಬ ಭರವಸೆ ಕೊಟ್ಟು ‘ಪವರ್ ಸೇವರ್’ ಡಬ್ಬಿಗಳನ್ನು ಮಾರುತ್ತಾರೆ. ಬಾವಿಗೊಂದು ಪಂಪು, ಸೆಕೆಗೊಂದು ಎ.ಸಿ. ಇರುವ ಮಂಗಳೂರಿನ ಮನೆಗಳಲ್ಲಿ ಈ ಮಾತಿಗೆ ಮನಸ್ಸು ಸೋಲುವುದು ಸಹಜ. ದುಡ್ಡು ಕೊಡುವ ಮೊದಲು ಕೇಳಬೇಕಾದದ್ದು ಇಷ್ಟೆ: ಒಳಗೆ ಹೋಗುವ ವಿದ್ಯುತ್ತನ್ನು ಯಾರು ಅಳೆದರು, ಯಾವುದರಿಂದ ಅಳೆದರು?

ತಪ್ಪು ಕಲ್ಪನೆ: ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ ಆಂಪಿಯರ್ ಇಳಿಯಿತು ಎಂದರೆ ವಿದ್ಯುತ್ ಉಳಿಯಿತು.

ಸತ್ಯ: ವೋಲ್ಟ್ ಮತ್ತು ಆಂಪಿಯರ್ ಗುಣಿಸಿದರೆ ಸಾಲದು, ಪವರ್ ಫ್ಯಾಕ್ಟರ್ (ಆ ಗುಣಲಬ್ಧದಲ್ಲಿ ನಿಜವಾಗಿ ಬಳಕೆಯಾಗುವ ಪಾಲು) ಕೂಡ ಸೇರಬೇಕು. 230 ವೋಲ್ಟ್‌ನಲ್ಲಿ 6 ಆಂಪಿಯರ್ ಎಳೆಯುವ ಪಂಪಿನ ಪವರ್ ಫ್ಯಾಕ್ಟರ್ 0.7 ಇದ್ದರೆ, ಅದು ಬಳಸುವುದು 966 ವ್ಯಾಟ್. ಇಂಥ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದು ಕೆಪಾಸಿಟರ್. ಅದು ಪವರ್ ಫ್ಯಾಕ್ಟರನ್ನು 0.95ಕ್ಕೆ ಏರಿಸಿತು ಎನ್ನೋಣ. ಆಂಪಿಯರ್ 4.4ಕ್ಕೆ ಇಳಿಯುತ್ತದೆ, ವ್ಯಾಟ್ ಮಾತ್ರ ಇದ್ದಲ್ಲೇ ಇರುತ್ತದೆ. ಮನೆಯ ಮೀಟರ್ ಯೂನಿಟ್ ಲೆಕ್ಕ ಹಾಕುವುದು ಈ ನಿಜ ವ್ಯಾಟ್‌ನಿಂದ, ಅಂದರೆ ಕಿಲೋವ್ಯಾಟ್ ಗಂಟೆಯಲ್ಲಿ. ಪವರ್ ಫ್ಯಾಕ್ಟರ್ ಕೆಟ್ಟರೆ ದಂಡ ತೆರುವ ದೊಡ್ಡ ಕಾರ್ಖಾನೆಗೆ ಕೆಪಾಸಿಟರ್ ಲಾಭ ತರುತ್ತದೆ. ಮನೆಯ ಬಿಲ್ಲಿಗೆ ಅದರಿಂದ ಹೇಳಿಕೊಳ್ಳುವಂಥ ಉಳಿತಾಯವಿಲ್ಲ.

ತಪ್ಪು ಕಲ್ಪನೆ: ಮಳೆಗಾಲದಲ್ಲಿ ಬಿಲ್ ಕಡಿಮೆ ಬಂತು, ಡಬ್ಬಿ ಕೆಲಸ ಮಾಡಿದೆ.

ಸತ್ಯ: ಮೇ ತಿಂಗಳ ಬೆವರಿನಲ್ಲಿ ರಾತ್ರಿಯಿಡೀ ಓಡಿದ ಎ.ಸಿ. ಜೂನ್ ಮಳೆ ಹಿಡಿದ ಮೇಲೆ ತಾನೇ ವಿಶ್ರಾಂತಿ ಪಡೆಯುತ್ತದೆ. ತೋಟಕ್ಕೆ ನೀರು ಬಿಡುವ ಪಂಪಿಗೂ ಆಗ ಕೆಲಸವಿಲ್ಲ. ಡಬ್ಬಿ ಇಲ್ಲದಿದ್ದರೂ ಬಿಲ್ ಇಳಿಯುತ್ತಿತ್ತು. ಹೋಲಿಸಬೇಕಾದದ್ದು ಅದೇ ಯಂತ್ರವನ್ನು, ಅದೇ ಹೊತ್ತಿನಲ್ಲಿ, ಡಬ್ಬಿ ಇದ್ದಾಗ ಮತ್ತು ಇಲ್ಲದಾಗ.

ತಪ್ಪು ಕಲ್ಪನೆ: ವಿಜ್ಞಾನಿಗಳು ಅಳೆದ ಮೇಲೆ ಸಂಶಯಕ್ಕೆ ಜಾಗವಿಲ್ಲ.

ಸತ್ಯ: ಅಳೆದವರ ಪದವಿಗಿಂತ ಅಳೆದ ಕ್ರಮ ಮುಖ್ಯ. ಬೇರೆಯದೇ ಯಂತ್ರವೊಂದರ ಉದಾಹರಣೆ ನೋಡಿ: ಇಟಲಿಯ ಆಂಡ್ರಿಯಾ ರೊಸ್ಸಿ 2011ರಲ್ಲಿ ಬೊಲೊನ್ಯದಲ್ಲಿ ‘ಇ-ಕ್ಯಾಟ್’ ಯಂತ್ರ ಪ್ರದರ್ಶಿಸಿದರು. ಒಳಗೆ ಹೋದುದಕ್ಕಿಂತ ಹೆಚ್ಚು ಶಕ್ತಿ ಹೊರಬರುತ್ತದೆ ಎಂಬುದು ಅವರ ವಾದ. 2013ರಲ್ಲಿ ವಿಜ್ಞಾನಿಗಳ ತಂಡವೊಂದು ಅದನ್ನು ಬೆಂಬಲಿಸುವ ವರದಿ ಹೊರತಂದಿತು. ವಿಮರ್ಶಕರು ಬೆರಳಿಟ್ಟದ್ದು ಒಳಹರಿವಿನ ಅಳತೆಯ ಮೇಲೆ. ಟ್ರಾನ್ಸ್‌ಫಾರ್ಮರ್ ಮಾದರಿಯ ಕ್ಲ್ಯಾಂಪಿಗೆ ಡಿ.ಸಿ. ಕರೆಂಟ್ ಕಾಣುವುದಿಲ್ಲ. ಹೋಗಿಬರುವ ಎರಡೂ ತಂತಿಗಳನ್ನು ಒಂದೇ ಕ್ಲ್ಯಾಂಪಿನೊಳಗೆ ಹಾಕಿದರೆ ಅದು ಸೊನ್ನೆ ತೋರಿಸುತ್ತದೆ. ಅಳೆಯದೆ ಬಿಟ್ಟ ಒಂದು ತಂತಿಯ ಮೂಲಕ ಎಷ್ಟು ಬೇಕಾದರೂ ವಿದ್ಯುತ್ ಒಳಬರಬಹುದು. ಈ ದಾರಿಗಳನ್ನೆಲ್ಲ ಮುಚ್ಚದ ಪರೀಕ್ಷೆ ಏನನ್ನೂ ಸಾಬೀತು ಮಾಡದು.

ತಪ್ಪು ಕಲ್ಪನೆ: ಪವರ್ ಸೇವರ್ ಡಬ್ಬಿಯನ್ನು ಪರೀಕ್ಷಿಸಲು ಪ್ರಯೋಗಾಲಯವೇ ಬೇಕು.

ಸತ್ಯ: ನಿಮ್ಮ ಗೋಡೆಯ ಮೇಲಿನ ಮೀಟರೇ ಸಾಕು, ಅದು ಮಾರಾಟಗಾರನದಲ್ಲ. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ದೀಪ ಮಿಣುಕುತ್ತಿರುತ್ತದೆ. ಒಂದು ಯೂನಿಟ್‌ಗೆ ಎಷ್ಟು ಮಿಣುಕು ಎಂಬುದು ಅದರ ಮುಖದ ಮೇಲೇ ಇರುತ್ತದೆ. 3200 ಎಂದಿದ್ದರೆ, ಮೇಲಿನ ಪಂಪೊಂದೇ ಓಡುವಾಗ ಐದು ನಿಮಿಷಕ್ಕೆ ಸುಮಾರು 258 ಮಿಣುಕು ಬರಬೇಕು. ಫ್ರಿಜ್ ಸೇರಿ ಉಳಿದದ್ದನ್ನೆಲ್ಲ ಆರಿಸಿ, ಡಬ್ಬಿ ಇಲ್ಲದೆ ಒಮ್ಮೆ, ಡಬ್ಬಿ ಹಾಕಿ ಒಮ್ಮೆ ಎಣಿಸಿ. ಎರಡು ಎಣಿಕೆಗಳೂ ಹೆಚ್ಚುಕಡಿಮೆ ಒಂದೇ ಬಂದರೆ ಡಬ್ಬಿಯನ್ನು ಹಿಂತಿರುಗಿಸಿ, ಹಣ ವಾಪಸ್ ಕೇಳಿ. ಮಾರುವವನು ಈ ಪರೀಕ್ಷೆಗೆ ಒಪ್ಪದಿದ್ದರೆ ಕೊಳ್ಳಲೇಬೇಡಿ.