ಇಂಟರ್ನೆಟ್ ಇಲ್ಲದ ಮನೆಗೂ ವೈಫೈ

ಶಿರಸಿ ಕಡೆಯ ನಮ್ಮ ಹಳೇ ಮನೆಗೆ ಬ್ರಾಡ್‌ಬ್ಯಾಂಡ್ ಕೇಬಲ್ ಇನ್ನೂ ಬಂದಿಲ್ಲ. ಮೊಬೈಲ್ ಸಿಗ್ನಲ್ ಬೇಕೆಂದರೆ ತೋಟದ ಮೇಲಿನ ಗುಡ್ಡ ಹತ್ತಬೇಕು. ಕಳೆದ ಮಳೆಗಾಲದಲ್ಲಿ ಪೇಟೆಯ ಮನೆಯಲ್ಲಿದ್ದ ಹಳೇ ರೌಟರನ್ನು ಅಲ್ಲಿಗೆ ಒಯ್ದಾಗ ಎಲ್ಲರೂ ಕೇಳಿದ್ದು ಒಂದೇ: “ನೆಟ್ಟೇ ಇಲ್ಲ, ಇದನ್ನ ತಗೊಂಡು ಏನ್ ಮಾಡ್ತೀಯ?”

ವೈಫೈ ಮತ್ತು ಇಂಟರ್ನೆಟ್ ಒಂದೇ ಎಂದು ನಂಬಿರುವುದರಿಂದ ಬರುವ ಪ್ರಶ್ನೆ ಇದು. ಹತ್ತಿರದಲ್ಲಿರುವ ಸಾಧನಗಳು ರೇಡಿಯೊ ಅಲೆಗಳ ಮೂಲಕ ಪರಸ್ಪರ ಮಾತಾಡುವ ವಿಧಾನಕ್ಕೆ ವೈಫೈ ಎಂದು ಹೆಸರು. ಆ ಮಾತು ಮನೆಯ ಹೊಸ್ತಿಲು ದಾಟಲೇಬೇಕೆಂದಿಲ್ಲ. ರೇಡಿಯೊ ಜಾಲಕ್ಕೆ ಇಂಟರ್ನೆಟ್ ಬೇಕೇಬೇಕೆಂದಿಲ್ಲ ಎಂಬುದಕ್ಕೆ ಹಳೇ ಉದಾಹರಣೆಯೂ ಇದೆ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ದ್ವೀಪಗಳ ನಡುವೆ ರೇಡಿಯೊ ಮೂಲಕ ಕಂಪ್ಯೂಟರ್ ಜಾಲ ಕಟ್ಟಿದರು. ಅಲೋಹಾನೆಟ್ ಎಂಬ ಆ ಜಾಲಕ್ಕೆ ಇಂಟರ್ನೆಟ್ಟಿನ ಪೂರ್ವಜನಾದ ಆರ್ಪಾನೆಟ್‌ನ ನಂಟು ಸಿಕ್ಕಿದ್ದು 1972ರ ಕೊನೆಗೆ. ಅಲ್ಲಿಯವರೆಗೆ ಅದು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

ರೌಟರನ್ನು ಪ್ಲಗ್ಗಿಗೆ ಹಾಕಿ, ಫೋನಿನಲ್ಲಿ ಪಾಸ್‌ವರ್ಡ್ ಕೊಟ್ಟೆ. ಆಗ ಫೋನು “ನಾನು ಬಂದಿದ್ದೇನೆ, ನನಗೊಂದು ವಿಳಾಸ ಕೊಡಿ” ಎಂದು ಕೂಗುತ್ತದೆ. ರೌಟರ್ 192.168.0.101 ಎಂಬಂಥ ಒಂದು ಸಂಖ್ಯೆ ಕೊಡುತ್ತದೆ. ಇದು ಮನೆಯಲ್ಲಿ ಕರೆಯುವ ಹೆಸರಿದ್ದಂತೆ. ಊರಿನಲ್ಲಿ ಮನೆಗೊಬ್ಬ ಪುಟ್ಟ ಇರುತ್ತಾನೆ. ನಮ್ಮ ಮನೆಯಲ್ಲಿ ಪುಟ್ಟ ಎಂದು ಕರೆದರೆ ನಮ್ಮ ಪುಟ್ಟನೇ ಓಡಿಬರುತ್ತಾನೆ. ಹಾಗೆಯೇ 192.168 ಎಂದು ಶುರುವಾಗುವ ಸಂಖ್ಯೆಗಳು ಜಗತ್ತಿನ ಕೋಟ್ಯಂತರ ಮನೆಗಳಲ್ಲಿವೆ, ಆಯಾ ಮನೆಯೊಳಗೆ ಮಾತ್ರ ಅವಕ್ಕೆ ಅರ್ಥ. ಇವನ್ನು ಹಂಚಲು ಕಂಪನಿಯ ಅಪ್ಪಣೆ ಬೇಡ, ತಿಂಗಳ ಬಿಲ್ಲೂ ಇಲ್ಲ.

ಸೆಟ್ಟಿಂಗ್‌ನಲ್ಲಿ ಒಂದು ಕಡೆ ಎಡವುವುದುಂಟು. ರೌಟರನ್ನು ‘ಆಕ್ಸೆಸ್ ಪಾಯಿಂಟ್’ ಮೋಡ್‌ಗೆ ಹಾಕಿದರೆ ಸಾಮಾನ್ಯವಾಗಿ ಅದು ವಿಳಾಸ ಹಂಚುವುದನ್ನು ನಿಲ್ಲಿಸಿಬಿಡುತ್ತದೆ. ‘ರೌಟರ್’ ಮೋಡ್‌ನಲ್ಲೇ ಬಿಟ್ಟು, ಇಂಟರ್ನೆಟ್ ಕೇಬಲ್ಲಿನ ತೂತನ್ನು ಖಾಲಿ ಇಡಿ. ಫೋನು “ಇಂಟರ್ನೆಟ್ ಇಲ್ಲ” ಎಂದು ತಕರಾರು ತೆಗೆಯುತ್ತದೆ. ಆಂಡ್ರಾಯ್ಡ್ ಫೋನು ವೈಫೈ ಸಿಕ್ಕ ಕೂಡಲೇ ದೂರದ ಸರ್ವರ್ ಒಂದಕ್ಕೆ ಸಣ್ಣ ಸಂದೇಶ ಕಳಿಸಿ ಉತ್ತರಕ್ಕೆ ಕಾಯುತ್ತದೆ. ಉತ್ತರ ಬಾರದಿದ್ದರೆ ಹೀಗೆ ಹೇಳುತ್ತದೆ. ಸಂಪರ್ಕ ಹಾಗೇ ಇರಲಿ ಎಂದು ಒತ್ತಿದರೆ ಮುಗಿಯಿತು.

ನಮ್ಮ ರೌಟರಿನ ಬೆನ್ನಿಗೆ ಯುಎಸ್‌ಬಿ ಕಿಂಡಿ ಇದೆ. ಅದಕ್ಕೆ ಪೆನ್‌ಡ್ರೈವ್ ಸಿಕ್ಕಿಸಿದ ಸಂಜೆ, ಜಗುಲಿಯಲ್ಲಿ ಅಜ್ಜಿ ಯಕ್ಷಗಾನದ ವಿಡಿಯೊ ನೋಡುತ್ತಿದ್ದರೆ, ಅದೇ ಪೆನ್‌ಡ್ರೈವಿನಿಂದ ಮಕ್ಕಳು ಒಳಗೆ ಸಿನಿಮಾ ನೋಡುತ್ತಿದ್ದರು. ಕಿವಿಕ್ಸ್ ಎಂಬ ಉಚಿತ ತಂತ್ರಾಂಶದಿಂದ ಕನ್ನಡ ವಿಕಿಪೀಡಿಯವನ್ನು ಪೇಟೆಯಲ್ಲೇ ಇಳಿಸಿಕೊಂಡಿದ್ದೆ. ಅದನ್ನು ಲ್ಯಾಪ್‌ಟಾಪಿನಿಂದ ಹಂಚಿದರೆ ಉಳಿದವರೆಲ್ಲ ತಮ್ಮ ಫೋನಿನ ಬ್ರೌಸರಿನಲ್ಲೇ ಓದಬಹುದು. ಹಳ್ಳಿಯ ಶಾಲೆಗಳಿಗೆ ಇದಕ್ಕಿಂತ ಅಗ್ಗದ ಗ್ರಂಥಾಲಯ ನನಗೆ ಗೊತ್ತಿಲ್ಲ.

ತೊಡಕು ತಂದಿದ್ದು ಗೋಡೆ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ದಪ್ಪ ಮಣ್ಣಿನ ಗೋಡೆ ಮಳೆಗೆ ತೇವ ಹೀರಿಕೊಂಡರೆ ಅಲೆಯನ್ನೂ ಹೀರುತ್ತದೆ, ನೀರಿನ ಗುಣವೇ ಅದು. 5 ಗಿಗಾಹರ್ಟ್ಸ್‌ನ ಅಲೆಯಲ್ಲಿ ಮಾಹಿತಿ ಸಾಗಿಸುವ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಇನ್ನೂ ಕಡಿಮೆ. ರೌಟರನ್ನು ಮೂಲೆಯ ಕಬ್ಬಿಣದ ಬೀರುವಿನ ಪಕ್ಕದಿಂದ ತೆಗೆದು ನಡುಮನೆಯ ತೊಲೆಗೆ ಕಟ್ಟಿದ ಮೇಲೆ ಅಡುಗೆಮನೆಗೂ ಸಿಗ್ನಲ್ ಬಂತು.

ವಾಟ್ಸಾಪ್ ಮಾತ್ರ ಇದರಲ್ಲಿ ನಡೆಯದು. ಪಕ್ಕದ ಕೋಣೆಗೆ ಕಳಿಸಿದ ಸಂದೇಶವೂ ಹೊರಗಿನ ಸರ್ವರ್ ಮುಟ್ಟಿಯೇ ಬರಬೇಕು. ಇಂಟರ್ನೆಟ್ ಇಲ್ಲವೆಂದು ಪಾಸ್‌ವರ್ಡ್ ತೆಗೆದುಹಾಕಬೇಡಿ. ಒಳಗಿರುವ ಫೋಟೊ, ಕಡತಗಳು ನಿಮ್ಮವೇ ತಾನೆ.

ನಮ್ಮ ರೌಟರಿನ ಅಡಾಪ್ಟರ್ ಮೇಲೆ 12 ವೋಲ್ಟ್, 1 ಆಂಪಿಯರ್ ಎಂದು ಬರೆದಿದೆ. ಹೆಚ್ಚೆಂದರೆ 12 ವಾಟ್. ಕರೆಂಟ್ ಹೋದ ರಾತ್ರಿ ಸಣ್ಣದೊಂದು ಬ್ಯಾಟರಿಯಲ್ಲೇ ನಡೆಯಿತು. ನಿಮ್ಮ ಅಟ್ಟದ ಮೇಲೂ ಇಂಥದೊಂದು ರೌಟರ್ ಬಿದ್ದಿದ್ದರೆ, ಗುಜರಿಗೆ ಕೊಡುವ ಮುನ್ನ ಒಮ್ಮೆ ಪ್ಲಗ್ಗಿಗೆ ಹಾಕಿ ನೋಡಿ.