ಠಾಣೆಯಿಂದ ಆಸ್ಪತ್ರೆಗೆ ದಾರಿ ಸಿಕ್ಕ ಕತೆ

ಬನಶಂಕರಿ ಬಸ್ ನಿಲ್ದಾಣದಲ್ಲೋ ಜಯನಗರ ನಾಲ್ಕನೇ ಬ್ಲಾಕಿನಲ್ಲೋ ಒಬ್ಬ ವ್ಯಕ್ತಿ ಊಟ, ಬಟ್ಟೆ, ಬಿಸಿಲು ಯಾವುದರ ಪರಿವೆಯೂ ಇಲ್ಲದೆ ಅಲೆಯುತ್ತಿದ್ದಾನೆ ಎನ್ನಿ. ಯಾರಿಗೋ ಉತ್ತರ ಕೊಡುವಂತೆ ಒಬ್ಬನೇ ಮಾತಾಡುತ್ತಾನೆ. ಜನ ಸೇರುತ್ತಾರೆ, ಯಾರೋ 112ಕ್ಕೆ ಫೋನ್ ಮಾಡುತ್ತಾರೆ, ಹೊಯ್ಸಳ ಗಾಡಿ ಬರುತ್ತದೆ. ಗಾಡಿಯಿಂದ ಇಳಿದ ಪೊಲೀಸ್ ಸಿಬ್ಬಂದಿ ಈಗ ಏನು ಮಾಡಬೇಕು?

ಈ ಪ್ರಶ್ನೆಗೆ ನಮ್ಮ ದೇಶದ ಎರಡು ಕಾನೂನುಗಳು ಕೊಟ್ಟ ಉತ್ತರವನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 1987ರ ಮಾನಸಿಕ ಆರೋಗ್ಯ ಕಾಯಿದೆಯ ಕಲಂ 23ರ ಪ್ರಕಾರ, ಇಂಥ ವ್ಯಕ್ತಿಯನ್ನು ರಕ್ಷಣೆಗೆ ತೆಗೆದುಕೊಂಡ ಪೊಲೀಸರು 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಕಲಂ 100ರ ಪ್ರಕಾರ, ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಯಾವ ಕಾರಣಕ್ಕೂ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಎರಡರಲ್ಲೂ ಗಡುವು ಅದೇ, ಆದರೆ ತಟ್ಟಬೇಕಾದ ಬಾಗಿಲು ಬೇರೆ.

ನ್ಯಾಯಾಲಯದ ಬಾಗಿಲಿನಿಂದ ಆಸ್ಪತ್ರೆಯ ಬಾಗಿಲಿಗೆ ಬರಲು ಮೂವತ್ತು ವರ್ಷ ಹಿಡಿಯಿತು. ಆ ದಾರಿಯನ್ನು ಯಾರೋ ಒಬ್ಬರು ಒಂದೇ ದಿನ ಕಂಡುಹಿಡಿದದ್ದಲ್ಲ. ಅದರ ಒಂದು ತುಂಡು ಅಮೆರಿಕದ ಮೆಂಫಿಸ್ ನಗರದಲ್ಲಿ ಸಿಕ್ಕಿತು. ಇನ್ನು ಕೆಲವು ತುಂಡುಗಳು ಸಿಕ್ಕಿದ್ದು ದಕ್ಷಿಣ ಬೆಂಗಳೂರಿನಲ್ಲೇ, ಜಯನಗರದ ಮಗ್ಗುಲಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನಿಂದ ಸಕಲವಾರ, ಪರಪ್ಪನ ಅಗ್ರಹಾರದವರೆಗಿನ ಸೀಮೆಯಲ್ಲಿ.

ಗೋಡೆಯ ಹೊರಗೆ

ಬೆಂಗಳೂರಿನಲ್ಲಿ ಮಾನಸಿಕ ರೋಗಿಗಳಿಗೆಂದು ಆಶ್ರಯ ತೆರೆದದ್ದು 1847ರಲ್ಲಿ. ಅದನ್ನು ಆರಂಭಿಸಿದವರು ಡಾ. ಚಾರ್ಲ್ಸ್ ಇರ್ವಿಂಗ್ ಸ್ಮಿತ್. ಆ ಕಾಲದ ತಿಳಿವಳಿಕೆಯಲ್ಲಿ ಹುಚ್ಚು ಎಂದರೆ ಊರಿನ ಶಾಂತಿ ಕೆಡಿಸುವ ಸಂಗತಿ, ಅದಕ್ಕೆ ಮದ್ದು ಎತ್ತರದ ಗೋಡೆ. ಬ್ರಿಟಿಷ್ ಇಂಡಿಯಾದ 1912ರ ಕಾನೂನು ಕೂಡ ಹಾಗೆಯೇ ಇತ್ತು. ಪೊಲೀಸರು ಹಿಡಿದು ತರಬೇಕು, ಮ್ಯಾಜಿಸ್ಟ್ರೇಟರು ಆದೇಶ ಬರೆಯಬೇಕು, ಆಮೇಲೆ ವೈದ್ಯರು ನೋಡಬೇಕು. ಕಾಯಿಲೆ ಬಿದ್ದವರು ಕಳ್ಳರ ದಾರಿಯಲ್ಲೇ ನಡೆದು ಆಸ್ಪತ್ರೆ ಸೇರಬೇಕಿತ್ತು.

1925ರಲ್ಲಿ ಮೈಸೂರು ಸರ್ಕಾರ ಬೆಂಗಳೂರಿನ ಆಶ್ರಯಕ್ಕೆ ಮಾನಸಿಕ ಆಸ್ಪತ್ರೆ ಎಂದು ಹೆಸರಿಟ್ಟಿತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. ಡಾ. ಎಂ. ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಅದೇ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಮನೆಯವರು ಹತ್ತಿರವಿದ್ದರೆ ರೋಗಿ ಬೇಗ ಚೇತರಿಸಿಕೊಳ್ಳುತ್ತಾನೆ, ಮತ್ತೆ ಮನೆ ಸೇರುತ್ತಾನೆ ಎಂಬುದು ಅಲ್ಲಿ ಕಂಡಿತು. ಬೆಂಗಳೂರಿನಲ್ಲೂ ಆ ಕ್ರಮ ಬೆಳೆಯಿತು. ಗೋಡೆ ಮದ್ದಲ್ಲ ಎಂಬುದಕ್ಕೆ ಸಿಕ್ಕ ಪುರಾವೆ ಇದು.

1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆಯಿತು. ಎರಡೇ ವರ್ಷದಲ್ಲಿ, 1976ರಲ್ಲಿ, ಮನೋವೈದ್ಯ ಡಾ. ಆರ್. ಎಲ್. ಕಪೂರ್ ಮತ್ತವರ ಸಹೋದ್ಯೋಗಿಗಳು ಬನ್ನೇರುಘಟ್ಟದ ಕಡೆಯ, ಆನೇಕಲ್ ತಾಲ್ಲೂಕಿನ ಸಕಲವಾರಕ್ಕೆ ಹೋದರು. ಅವರ ಪ್ರಶ್ನೆ ಸರಳವಾಗಿತ್ತು. ಇಷ್ಟು ದೊಡ್ಡ ದೇಶಕ್ಕೆ ಮನೋವೈದ್ಯರು ಬೆರಳೆಣಿಕೆಯಷ್ಟು. ಹಾಗಿರುವಾಗ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರು ಮಾನಸಿಕ ಕಾಯಿಲೆಯನ್ನು ಗುರುತಿಸಲು ಕಲಿಯಬಹುದೇ?

ಕಲಿಯಬಹುದು ಎಂಬ ಉತ್ತರ ಸಿಕ್ಕಿತು. ರೋಗದ ಹೆಸರು, ವರ್ಗೀಕರಣ ಅವರಿಗೆ ಬೇಕಿರಲಿಲ್ಲ. ನಿದ್ದೆ ಕೆಟ್ಟಿದೆಯೇ, ಮಾತು ಅಸಂಬದ್ಧವಾಗಿದೆಯೇ, ಇಲ್ಲದ ದನಿ ಕೇಳಿಸುತ್ತದೆ ಎನ್ನುತ್ತಾರೆಯೇ, ಕೆಲಸ, ಸ್ನಾನ, ಊಟ ಬಿಟ್ಟಿದ್ದಾರೆಯೇ ಎಂಬಂಥ ಕೆಲವು ಲಕ್ಷಣಗಳು ಗೊತ್ತಿದ್ದರೆ ಸಾಕಿತ್ತು. ಮುಂದಿನದು ವೈದ್ಯರ ಕೆಲಸ. 1980ರ ದಶಕದಲ್ಲಿ ಈ ಪದ್ಧತಿಯನ್ನು ಇಡೀ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿ ನೋಡಿದರು. ಅದೇ ಮಾದರಿಯ ಮೇಲೆ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು.

ಸಕಲವಾರದ ಪಾಠ ಪೊಲೀಸರಿಗೂ ಒಪ್ಪುತ್ತದೆ. ಕಾಯಿಲೆಯನ್ನು ಗುರುತಿಸುವುದು ಒಂದು ಕೆಲಸ, ಅದು ಯಾವ ಕಾಯಿಲೆ ಎಂದು ನಿರ್ಣಯಿಸುವುದು ಇನ್ನೊಂದು. ಎರಡನೆಯದಕ್ಕೆ ಹಲವು ವರ್ಷ ಓದಬೇಕು. ಮೊದಲನೆಯದನ್ನು ಗಸ್ತಿನ ಕಾನ್‌ಸ್ಟೆಬಲ್ ಕೆಲವೇ ದಿನಗಳಲ್ಲಿ ಕಲಿಯಬಹುದು.

ತಾಯಿ ಮಾಡಿದ ಫೋನ್

ನಮ್ಮ ಸಂಸತ್ತು ಮಾನಸಿಕ ಆರೋಗ್ಯ ಕಾಯಿದೆ ಅಂಗೀಕರಿಸಿದ 1987ರಲ್ಲೇ, ಸೆಪ್ಟೆಂಬರ್ ತಿಂಗಳಲ್ಲಿ, ಟೆನೆಸಿ ರಾಜ್ಯದ ಮೆಂಫಿಸ್‌ನಲ್ಲಿ ಒಂದು ಸಾವು ಸಂಭವಿಸಿತು. ಮಾನಸಿಕ ಕಾಯಿಲೆಯಿದ್ದ 27 ವರ್ಷದ ಯುವಕ ಚಾಕು ಹಿಡಿದು ತನಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದ. ಗಾಬರಿಯಾದ ತಾಯಿ ಪೊಲೀಸರನ್ನು ಕರೆದರು. ಬಂದವರು ಚಾಕು ಬಿಸಾಡೆಂದು ಕೂಗಿದರು. ಅವನು ಇನ್ನಷ್ಟು ಕೆರಳಿದ. ಗುಂಡು ಹಾರಿತು, ಅವನು ಸತ್ತ. ಮಗನನ್ನು ಉಳಿಸಿಕೊಡಿ ಎಂದು ಮಾಡಿದ ಫೋನೇ ಅವನ ಸಾವಿಗೆ ದಾರಿಯಾಯಿತು.

ಊರು ಸಿಟ್ಟಿಗೆದ್ದಿತು. ಪೊಲೀಸ್ ಅಧಿಕಾರಿ ಸ್ಯಾಮ್ ಕೊಕ್ರನ್, ಟೆನೆಸಿ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ರ‍್ಯಾಂಡಾಲ್ಫ್ ಡ್ಯುಪಾಂಟ್, ರೋಗಿಗಳ ಕುಟುಂಬಗಳ ಸಂಘಟನೆಯಾದ ನ್ಯಾಮಿ ಒಂದೇ ಮೇಜಿನ ಸುತ್ತ ಕುಳಿತರು. 1988ರಲ್ಲಿ ಕ್ರೈಸಿಸ್ ಇಂಟರ್ವೆನ್ಷನ್ ಟೀಮ್ ಎಂಬ ವ್ಯವಸ್ಥೆ ಹುಟ್ಟಿತು. ತಾವಾಗಿ ಮುಂದೆ ಬಂದ ಗಸ್ತು ಪೊಲೀಸರಿಗೆ 40 ಗಂಟೆ ತರಬೇತಿ. ಮಾನಸಿಕ ಕಾಯಿಲೆ ಇರುವವರೂ ಅವರ ಮನೆಯವರೂ ಪಾಠ ಮಾಡುವವರಲ್ಲಿ ಸೇರಿದ್ದರು. ಮುಂದೆ ಇಂಥ ತರಬೇತಿಗಳಲ್ಲಿ ಇನ್ನೊಂದು ಅಭ್ಯಾಸವೂ ಬಂತು. ಪೊಲೀಸರು ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುತ್ತಾರೆ. ಅದರಲ್ಲಿ ಬೈಯುವ, ಹೆದರಿಸುವ, ಪಿಸುಗುಡುವ ದನಿಗಳು ಬಿಡದೆ ಕೇಳಿಸುತ್ತವೆ. ಆ ಗದ್ದಲದ ನಡುವೆಯೇ ಎದುರಿಗಿರುವವರ ಪ್ರಶ್ನೆಗೆ ಉತ್ತರಿಸಬೇಕು, ಹೇಳಿದ ಕೆಲಸ ಮಾಡಬೇಕು. ಹೇಳಿದ್ದನ್ನು ಕೇಳದಿರುವುದು ಯಾವಾಗಲೂ ಉದ್ಧಟತನವಲ್ಲ ಎಂಬುದು ಆಗ ಅವರಿಗೆ ಸ್ವಂತ ಅನುಭವದಿಂದ ಅರ್ಥವಾಗುತ್ತದೆ.

ಮೆಂಫಿಸ್ ಎಂದರೆ ಈ 40 ಗಂಟೆಯ ಪಾಠ ಎಂದೇ ಹಲವರು ತಿಳಿದಿದ್ದಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅಲ್ಲಿ ಆದ ಒಪ್ಪಂದ. ಪೊಲೀಸರು ಕರೆತಂದ ರೋಗಿಯನ್ನು ಊರಿನ ದೊಡ್ಡ ಸರ್ಕಾರಿ ಆಸ್ಪತ್ರೆ ಇಲ್ಲವೆನ್ನದೆ ಒಳಗೆ ತೆಗೆದುಕೊಳ್ಳಬೇಕು, ಪೊಲೀಸರನ್ನು ಗಂಟೆಗಟ್ಟಲೆ ಕಾಯಿಸದೆ ಕೆಲಸಕ್ಕೆ ಮರಳಲು ಬಿಡಬೇಕು ಎಂದು ಮೊದಲೇ ಮಾತಾಯಿತು. ಆಸ್ಪತ್ರೆಗೆ ಒಯ್ಯುವುದು ಲಾಕಪ್ಪಿಗೆ ಹಾಕುವುದಕ್ಕಿಂತ ಸುಲಭವಾಯಿತು. ಸುಲಭವಾದ ದಾರಿಯಲ್ಲಿ ಜನ ನಡೆಯುತ್ತಾರೆ, ಪೊಲೀಸರೂ ಹಾಗೆಯೇ. ಅಮೆರಿಕದಲ್ಲಿ ಇಂದು ಎರಡು ಸಾವಿರಕ್ಕೂ ಹೆಚ್ಚು ಕಡೆ ಈ ಮಾದರಿ ಇದೆ. ಆಫ್ರಿಕದ ಬಡ ದೇಶವಾದ ಲೈಬೀರಿಯ ಕೂಡ ಇದನ್ನು ತನ್ನ ಸ್ಥಿತಿಗೆ ತಕ್ಕಂತೆ ಅಳವಡಿಸಿಕೊಂಡಿದೆ.

ಫಲಿತಾಂಶದ ಬಗ್ಗೆಯೂ ಪ್ರಾಮಾಣಿಕವಾಗಿ ಹೇಳಬೇಕು. ತರಬೇತಿಯಿಂದ ಪೊಲೀಸರ ತಿಳಿವಳಿಕೆ ಹೆಚ್ಚುತ್ತದೆ, ರೋಗಿಗಳ ಬಗೆಗಿನ ಭಯ, ತಾತ್ಸಾರ ಕಡಿಮೆಯಾಗುತ್ತದೆ ಎನ್ನಲು ಸಂಶೋಧನೆಗಳ ಬೆಂಬಲ ಚೆನ್ನಾಗಿದೆ. ಬಲಪ್ರಯೋಗ ಕಡಿಮೆಯಾಗುತ್ತದೆ ಎನ್ನಲು ಅಷ್ಟು ಗಟ್ಟಿ ಆಧಾರ ಇನ್ನೂ ಇಲ್ಲ. ಪಾಠ ಮಾತ್ರ ನಡೆದು ಆಸ್ಪತ್ರೆಯ ಬಾಗಿಲು ಮುಚ್ಚಿದ್ದರೆ ಪೊಲೀಸರು ಕಲಿತದ್ದು ಉಪಯೋಗಕ್ಕೆ ಬರುವುದಾದರೂ ಹೇಗೆ?

ಪರಪ್ಪನ ಅಗ್ರಹಾರದ ಲೆಕ್ಕ

ನಮ್ಮಲ್ಲಿ 1987ರ ಕಾಯಿದೆ ಜಾರಿಗೆ ಬಂದದ್ದು 1993ರಲ್ಲಿ. ಅದೇ ವರ್ಷ ಪತ್ರಕರ್ತೆ ಶೀಲಾ ಬರ್ಸೆ ಅವರು ಹೂಡಿದ ಪ್ರಕರಣದಲ್ಲಿ, ಯಾವ ಅಪರಾಧವನ್ನೂ ಮಾಡದ ಮಾನಸಿಕ ರೋಗಿಗಳನ್ನು ಜೈಲಿನಲ್ಲಿಡುವುದು ಕಾನೂನುಬಾಹಿರ, ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ ಹೇಳಿತು. ಪಶ್ಚಿಮ ಬಂಗಾಳದ ಜೈಲುಗಳಲ್ಲಿ ಅಂಥವರನ್ನು ಇಟ್ಟಿದ್ದರು. ಬೇರೆಲ್ಲೂ ಜಾಗವಿಲ್ಲ ಎಂಬುದೊಂದೇ ಅವರು ಅಲ್ಲಿರಲು ಕಾರಣ.

ಅಪರಾಧದ ಆರೋಪ ಹೊತ್ತು ಒಳಗೆ ಹೋದವರ ಸ್ಥಿತಿ ಹೇಗಿದೆ? ಇದನ್ನು ಬೆಂಗಳೂರೇ ಎಣಿಸಿ ನೋಡಿತು. ನಿಮ್ಹಾನ್ಸ್‌ನ ಡಾ. ಸುರೇಶ್ ಬಡಾ ಮಠ, ಡಾ. ಪ್ರತಿಮಾ ಮೂರ್ತಿ ಮತ್ತು ಸಂಗಡಿಗರು ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ 5,024 ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿದರು. ವ್ಯಸನದ ಸಮಸ್ಯೆಯೂ ಸೇರಿ ನೂರಕ್ಕೆ 79.6 ಮಂದಿಗೆ ಮಾನಸಿಕ ಆರೋಗ್ಯದ ತೊಂದರೆ ಇತ್ತು. ವ್ಯಸನವನ್ನು ಬಿಟ್ಟು ಲೆಕ್ಕ ಹಾಕಿದರೂ ನೂರಕ್ಕೆ 27.6 ಮಂದಿಗೆ, ಅಂದರೆ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ, ಮಾನಸಿಕ ಕಾಯಿಲೆ ಇತ್ತು. ಸೆರೆವಾಸವೇ ಮನಸ್ಸನ್ನು ಕೆಡಿಸಬಲ್ಲದು, ಆದ್ದರಿಂದ ಅವರೆಲ್ಲ ಕಾಯಿಲೆಯಿಂದಲೇ ಒಳಗೆ ಬಂದರು ಎನ್ನಲಾಗದು. ಆದರೂ ಠಾಣೆಗೂ ಜೈಲಿಗೂ ನಡುವೆ ಕಾಯಿಲೆಯನ್ನು ಗುರುತಿಸುವ ಕಣ್ಣೊಂದು ಇರಲೇಬೇಕು ಎಂಬುದಕ್ಕೆ ಈ ಅಂಕಿಗಳಿಗಿಂತ ಬೇರೆ ಸಾಕ್ಷಿ ಬೇಡ.

ಕಾಯಿದೆ ಹೇಳಿದ್ದು

2017ರ ಕಾಯಿದೆ 2018ರಲ್ಲಿ ಜಾರಿಗೆ ಬಂತು. ಅಲೆಯುತ್ತಿರುವ, ತನ್ನನ್ನು ತಾನು ನೋಡಿಕೊಳ್ಳಲಾಗದ ರೋಗಿಯನ್ನು ರಕ್ಷಿಸುವುದು ಠಾಣಾಧಿಕಾರಿಯ ಕರ್ತವ್ಯ ಎಂದು ಅದು ಹೇಳುತ್ತದೆ. ಏಕೆ ಕರೆದೊಯ್ಯುತ್ತಿದ್ದೇವೆ ಎಂಬುದನ್ನು ಆ ವ್ಯಕ್ತಿಗೆ ತಿಳಿಸಬೇಕು. ಮನೆಯಿಲ್ಲದವರಾದರೆ ಕಾಣೆಯಾದವರ ಎಫ್‌ಐಆರ್ ದಾಖಲಿಸಿ ಕುಟುಂಬವನ್ನು ಹುಡುಕಬೇಕು. ಮನೆಯೊಳಗೆ ಕೂಡಿಹಾಕಿ ಹಿಂಸಿಸುತ್ತಿದ್ದಾರೆಂದು ತಿಳಿದರೆ ಕಲಂ 101ರ ಪ್ರಕಾರ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಕಲಂ 115 ಭಾವಿಸುತ್ತದೆ. ಇವೆಲ್ಲಕ್ಕೂ ಬೇಕಾದ ತಿಳಿವಳಿಕೆಗಾಗಿ ಪೊಲೀಸರಿಗೆ ಕಾಲಕಾಲಕ್ಕೆ ತರಬೇತಿ ಕೊಡಿಸುವುದು ಸರ್ಕಾರದ ಹೊಣೆ ಎಂದು ಕಲಂ 30 ಹೇಳಿದೆ. ತರಬೇತಿ ಯಾರೋ ಒಬ್ಬ ಒಳ್ಳೆಯ ಅಧಿಕಾರಿಯ ಆಸಕ್ತಿಗೆ ಬಿಟ್ಟ ವಿಷಯವಾಗಿ ಉಳಿದಿಲ್ಲ.

ಕಲಿಯಬೇಕಾದದ್ದು ಕಷ್ಟದ್ದೂ ಅಲ್ಲ. ಸೈರನ್ ನಿಲ್ಲಿಸಿ. ಜನರನ್ನು ದೂರ ಕಳಿಸಿ. ಒಬ್ಬರೇ ಮಾತಾಡಿ, ಸಾವಕಾಶವಾಗಿ, ಒಂದು ಸಲಕ್ಕೆ ಒಂದೇ ಮಾತು. ನಿಮ್ಮ ಹೆಸರು ಹೇಳಿ, ಅವರ ಹೆಸರು ಕೇಳಿ. ಕೈಗಳು ಕಾಣುವಂತಿರಲಿ, ನಡುವೆ ಅಂತರವಿರಲಿ. ಅವರು ಹೇಳುವ ಭ್ರಮೆಯ ಮಾತನ್ನು ಸುಳ್ಳೆಂದು ವಾದಿಸಬೇಡಿ, ನಿಜವೆಂದು ತಲೆಯಾಡಿಸಲೂಬೇಡಿ. ನಿಮಗೆ ಭಯವಾಗಿದೆ ಎಂದು ಕಾಣುತ್ತದೆ, ಇಲ್ಲಿ ನಿಮಗೆ ಏನೂ ಆಗದಂತೆ ನೋಡಿಕೊಳ್ಳುತ್ತೇವೆ ಎನ್ನಿ. ನೀರು ಬೇಕೇ ಎಂದು ಕೇಳಿ. ಕುಡಿದಿದ್ದಾರೆಂದು ತೀರ್ಮಾನಿಸುವ ಮೊದಲು ಯೋಚಿಸಿ. ರಕ್ತದಲ್ಲಿ ಸಕ್ಕರೆ ಇಳಿದವರು, ತಲೆಗೆ ಪೆಟ್ಟಾದವರು, ಥಟ್ಟನೆ ಕುಡಿತ ನಿಲ್ಲಿಸಿ ಸನ್ನಿ ಹಿಡಿದವರು ಕೂಡ ಹೀಗೆಯೇ ತೊದಲುತ್ತಾರೆ, ತೂರಾಡುತ್ತಾರೆ. ತಡಮಾಡಿದರೆ ಅವರ ಪ್ರಾಣಕ್ಕೇ ಅಪಾಯ.

ಮಾನಸಿಕ ಕಾಯಿಲೆ ಇರುವವರಲ್ಲಿ ಹೆಚ್ಚಿನವರು ಯಾರಿಗೂ ಕೇಡು ಮಾಡುವವರಲ್ಲ. ಅವರು ಏಟು ಕೊಡುವುದಕ್ಕಿಂತ ತಿನ್ನುವುದೇ ಹೆಚ್ಚು. ಇದೊಂದು ಸಂಗತಿ ಮನಸ್ಸಿಗೆ ಇಳಿದರೆ ಲಾಠಿಯ ಮೇಲಿನ ಹಿಡಿತ ತಾನಾಗಿ ಸಡಿಲವಾಗುತ್ತದೆ.

ಪೊಲೀಸರ ಕಷ್ಟವನ್ನೂ ನಾವು ಅರ್ಥಮಾಡಿಕೊಳ್ಳಬೇಕು. ಹಗಲಿರುಳು ದುಡಿದು ದಣಿದ ಕಾನ್‌ಸ್ಟೆಬಲ್‌ಗೆ, ಕನ್ನಡ ಬಾರದ, ಊರು ಹೇಳಲಾಗದ ಒಬ್ಬ ವ್ಯಕ್ತಿಯ ಜೊತೆ ಅರ್ಧ ತಾಸು ಮಾತಾಡು ಎಂದರೆ ಅದಕ್ಕೆ ಮೇಲಧಿಕಾರಿಯ ಒಪ್ಪಿಗೆಯೂ ಬೇಕು, ಸಮಯವೂ ಬೇಕು. ಅವರ ಸ್ವಂತ ಮನಸ್ಸಿನ ಆರೋಗ್ಯವನ್ನು ನೋಡಿಕೊಳ್ಳದೆ ಬೇರೆಯವರ ಮನಸ್ಸನ್ನು ಅರಿಯಿರಿ ಎನ್ನುವುದು ನ್ಯಾಯವಲ್ಲ.

ಎಲ್ಲವೂ ಇಲ್ಲೇ ಇದೆ

ದಕ್ಷಿಣ ಬೆಂಗಳೂರಿನಷ್ಟು ಅನುಕೂಲವಿರುವ ಜಾಗ ದೇಶದಲ್ಲಿ ವಿರಳ. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್‌ನ ತುರ್ತು ಚಿಕಿತ್ಸೆ ರಾತ್ರಿಯೂ ತೆರೆದಿರುತ್ತದೆ. ಜಯನಗರದಲ್ಲಿ ಸರ್ಕಾರಿ ಜನರಲ್ ಆಸ್ಪತ್ರೆ ಇದೆ. ರಿಚ್ಮಂಡ್ ಫೆಲೋಶಿಪ್ ಸೊಸೈಟಿಯವರ ಆಶಾ ಎಂಬ ಪುನರ್ವಸತಿ ಮನೆ ಇರುವುದೂ ಜಯನಗರದಲ್ಲೇ. ಅರಕೆರೆಯಲ್ಲಿ ಡಾ. ಸಿ. ಆರ್. ಚಂದ್ರಶೇಖರ್ ಅವರು ಕಟ್ಟಿದ ಸಮಾಧಾನ ಕೇಂದ್ರ ಉಚಿತವಾಗಿ ಆಪ್ತಸಲಹೆ ಕೊಡುತ್ತದೆ, ಸಾಮಾನ್ಯ ಜನರನ್ನೂ ಆ ಕೆಲಸಕ್ಕೆ ತರಬೇತುಗೊಳಿಸುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೂ ನಿಮ್ಹಾನ್ಸೇ ಮುಖ್ಯ ಕೇಂದ್ರ. ಮೆಂಫಿಸ್‌ನಲ್ಲಿ ಒಂದೇ ಮೇಜಿಗೆ ಬಂದ ಪೊಲೀಸರು, ವೈದ್ಯರು, ಕುಟುಂಬಗಳು ಇಲ್ಲಿ ಕೆಲವೇ ಕಿಲೋಮೀಟರಿನೊಳಗೆ ಇದ್ದಾರೆ. ಪ್ರತಿಯೊಂದು ಠಾಣೆಯ ಮಟ್ಟದಲ್ಲಿ ಅವರನ್ನು ಒಂದೆಡೆ ಕೂರಿಸುವ ಕೆಲಸ ಆಗಬೇಕು. ಆಸ್ಪತ್ರೆಯ ಬಾಗಿಲು ಯಾವುದು, ಅಲ್ಲಿ ಯಾರಿಗೆ ಫೋನ್ ಮಾಡಬೇಕು, ರಾತ್ರಿ ಎರಡು ಗಂಟೆಗೆ ಯಾರು ಒಳಗೆ ತೆಗೆದುಕೊಳ್ಳುತ್ತಾರೆ ಎಂಬುದು ಠಾಣೆಯ ಗೋಡೆಯ ಮೇಲೆ ಬರೆದಿರಬೇಕು.

ಮನೆಯಲ್ಲಿ ಮಾನಸಿಕ ಕಾಯಿಲೆ ಇರುವವರನ್ನು ನೋಡಿಕೊಳ್ಳುತ್ತಿರುವವರು ದಯವಿಟ್ಟು ಒಂದು ಚೀಟಿ ಸಿದ್ಧವಾಗಿಟ್ಟುಕೊಳ್ಳಿ. ಕಾಯಿಲೆಯ ಹೆಸರು, ಔಷಧಿಗಳು, ವೈದ್ಯರ ಫೋನ್ ನಂಬರು, ಅವರನ್ನು ಏನು ಹೆದರಿಸುತ್ತದೆ, ಯಾರ ಮಾತಿಗೆ ಶಾಂತರಾಗುತ್ತಾರೆ ಎಂಬುದು ಅದರಲ್ಲಿರಲಿ. 112ಕ್ಕೆ ಫೋನ್ ಮಾಡುವ ಪ್ರಸಂಗ ಬಂದರೆ ಮೊದಲ ವಾಕ್ಯದಲ್ಲೇ ಇದು ಮಾನಸಿಕ ಕಾಯಿಲೆಯ ತುರ್ತು ಎಂದು ಹೇಳಿ. ಸಲಹೆ ಬೇಕಾದರೆ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ಉಳಿದ ನಾವೆಲ್ಲ ನಮ್ಮ ಬಡಾವಣೆಯ ಠಾಣೆಗೆ ಹೋಗಿ ಎರಡು ಪ್ರಶ್ನೆ ಕೇಳೋಣ: ಕಲಂ 100ರ ಬಗ್ಗೆ ತರಬೇತಿ ಇಲ್ಲಿ ಎಷ್ಟು ಮಂದಿಗೆ ಆಗಿದೆ? ರೋಗಿಯನ್ನು ನೀವು ಕರೆದೊಯ್ಯುವ ಆಸ್ಪತ್ರೆ ಯಾವುದು? ಕಾನೂನು ಈಗಾಗಲೇ ನಮ್ಮ ಪರವಾಗಿದೆ. ಅದನ್ನು ಜಾರಿಗೆ ತರಿಸುವುದು ನಮ್ಮೆಲ್ಲರ ಹೊಣೆ.