ಹಳೆಯ ಕಾರಿನ ಟ್ಯಾಂಕಿನೊಳಗಿನ ಸೋಸಣಿಗೆ

ಚಹಾ ಸೋಸುವ ಜಾಲರಿಯನ್ನು ನಾಲ್ಕು ದಿನ ಸರಿಯಾಗಿ ತೊಳೆಯದೆ ಬಿಟ್ಟರೆ ಏನಾಗುತ್ತದೆಂಬುದು ಪ್ರತಿಯೊಬ್ಬ ಗೃಹಿಣಿಗೂ ಗೊತ್ತು. ಪುಡಿ ಅದರ ಕಣ್ಣುಗಳಲ್ಲಿ ಸಿಕ್ಕಿಕೊಂಡು ಚಹಾ ಹನಿಹನಿಯಾಗಿ ಇಳಿಯತೊಡಗುತ್ತದೆ. ಪಾತ್ರೆಯ ತುಂಬ ಚಹಾ ಇದ್ದರೂ ಲೋಟ ತುಂಬುವುದಿಲ್ಲ. ಹಳೆಯ ಕಾರುಗಳ ಪಾಡೂ ಇದೇ. ಟ್ಯಾಂಕಿನ ತುಂಬ ಪೆಟ್ರೋಲ್ ಇರುತ್ತದೆ, ಎಂಜಿನ್ ಮಾತ್ರ ಬಾಯಾರಿ ನಿಲ್ಲುತ್ತದೆ. ಕಾರಣ, ಟ್ಯಾಂಕಿನ ತಳದಲ್ಲಿ ಅಡಗಿರುವ ಅಂಗೈಗಿಂತ ಚಿಕ್ಕದಾದ ಒಂದು ಜಾಲರಿ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಕೆಲವು ಮನೆಗಳ ಅಂಗಳದಲ್ಲಿ ಇಂದಿಗೂ ಹಳೆಯ ಅಂಬಾಸಡರ್ ಅಥವಾ ಪ್ರೀಮಿಯರ್ ಪದ್ಮಿನಿ ಕಾಣಸಿಗುತ್ತದೆ. ಅಜ್ಜ ಕೊಂಡದ್ದು, ಅಬ್ಬಾ ಓಡಿಸಿದ್ದು, ಈಗ ಮಗನ ಕೈಗೆ ಬಂದದ್ದು. ಮನೆಯ ಹೆಣ್ಣುಮಕ್ಕಳು ಮದುಮಗಳಾಗಿ ಹೊರಟದ್ದು ಅದರಲ್ಲೇ, ಬಾಣಂತಿಯಾಗಿ ತವರಿಗೆ ಬಂದದ್ದೂ ಅದರಲ್ಲೇ. ಅದನ್ನು ಮಾರಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ಇಟ್ಟುಕೊಂಡ ಮೇಲೆ ಅದರ ಆರೈಕೆ ತಿಳಿದಿರಬೇಕು. ನಡುರಾತ್ರಿ ರೋಗಿಯನ್ನು ಕರೆದುಕೊಂಡು ಹೋಗುವಾಗ ಮುಂಡರಗಿ ರಸ್ತೆಯ ಕತ್ತಲಲ್ಲಿ ಕಾರು ನಿಂತರೆ ಅದು ಬರೀ ಯಂತ್ರದ ತೊಂದರೆಯಾಗಿ ಉಳಿಯುವುದಿಲ್ಲ.

ಎರಡು ಕಾರುಗಳ ಕಥೆ

ಅಂಬಾಸಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ. ಹಿಂದೂಸ್ತಾನ್ ಮೋಟರ್ಸ್ ಕಂಪೆನಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1958ರಿಂದ ಇದನ್ನು ತಯಾರಿಸಿತು. 2014ರ ಮೇ ತಿಂಗಳಲ್ಲಿ ಆ ಕಾರ್ಖಾನೆ ಕೆಲಸ ನಿಲ್ಲಿಸಿತು. ಪದ್ಮಿನಿ ಇಟಲಿಯ ಫಿಯೆಟ್ 1100ರ ಮಗಳು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಇದನ್ನು ತಯಾರಿಸುತ್ತಿತ್ತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಹೆಸರಾದ ಈ ಕಾರು 2023ರ ಅಕ್ಟೋಬರ್ ಕೊನೆಗೆ ಆ ನಗರದ ಟ್ಯಾಕ್ಸಿ ಸೇವೆಯಿಂದಲೂ ವಿದಾಯ ಹೇಳಿತು.

ಈಗ ಇವುಗಳಿಗೆ ಕಂಪೆನಿಯ ಹೊಸ ಬಿಡಿಭಾಗಗಳು ಬರುತ್ತಿಲ್ಲ. ಹುಬ್ಬಳ್ಳಿಯ ಅಂಗಡಿಗಳಲ್ಲೋ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಹುಡುಕಬೇಕು. ಆದ್ದರಿಂದ ಇದ್ದದ್ದನ್ನು ಜೋಪಾನವಾಗಿ ಉಳಿಸಿಕೊಳ್ಳುವುದೇ ಜಾಣತನ.

ಕಸ ಬರುವುದೆಲ್ಲಿಂದ?

ಟ್ಯಾಂಕಿಗೆ ನಾವು ಹಾಕುವುದು ಪೆಟ್ರೋಲ್ ಮಾತ್ರ, ಅದರಲ್ಲಿ ಕಸವೆಲ್ಲಿಂದ ಬಂತು ಎಂದು ಕೆಲವರು ಕೇಳುತ್ತಾರೆ. ಹಳೆಯ ಕಾರುಗಳ ಟ್ಯಾಂಕ್ ಕಬ್ಬಿಣದ ತಗಡಿನದು. ಅರ್ಧ ಖಾಲಿ ಟ್ಯಾಂಕಿನಲ್ಲಿ ಗಾಳಿ ಇರುತ್ತದೆ. ಗಾಳಿಯಲ್ಲಿರುವ ತೇವ ರಾತ್ರಿಯ ತಂಪಿಗೆ ಹನಿಗಟ್ಟಿ ತಗಡಿನ ಒಳಮೈಗೆ ಇಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರ, ಆದ್ದರಿಂದ ತಳ ಸೇರಿ ತಗಡನ್ನು ತುಕ್ಕು ಹಿಡಿಸುತ್ತದೆ. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಸ್ವತಃ ಅಂಟಂಟಾದ ಜಿಗುಟಾಗಿ ಮಾರ್ಪಡುತ್ತದೆ. ಇದರ ಜೊತೆ ನಮ್ಮ ಕಡೆಯ ಎರೆಮಣ್ಣಿನ ಧೂಳು. ಕಪ್ಪತಗುಡ್ಡದ ಕಡೆಯಿಂದ ಗಾಳಿ ಬೀಸುವ ದಿನಗಳಲ್ಲಿ ಮನೆಯೊಳಗಿನ ಪಾತ್ರೆಯ ಮೇಲೂ ಧೂಳು ಕೂರುತ್ತದೆ. ಟ್ಯಾಂಕಿನ ಮುಚ್ಚಳದ ರಬ್ಬರು ಹಳತಾಗಿದ್ದರೆ ಅಲ್ಲಿಗೂ ಅದು ಹೋಗದೆ ಇರುವುದಿಲ್ಲ.

ಇತ್ತೀಚೆಗೆ ಇನ್ನೊಂದು ಕಾರಣವೂ ಸೇರಿಕೊಂಡಿದೆ. ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. 2025ರ ಹೊತ್ತಿಗೆ ಅದು ದೇಶದ ತುಂಬ ಹರಡಿತು. ಎಥೆನಾಲ್ ಕಬ್ಬು, ಧಾನ್ಯಗಳಿಂದ ತಯಾರಾಗುವ ಮದ್ಯಸಾರ. ಅದು ಎರಡು ಕೆಲಸ ಮಾಡುತ್ತದೆ: ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ ಮತ್ತು ವರ್ಷಗಳಿಂದ ಟ್ಯಾಂಕಿನ ಗೋಡೆಗೆ ಅಂಟಿ ಕುಳಿತ ಜಿಗುಟನ್ನು ಸಡಿಲಿಸುತ್ತದೆ. ಹಾಗೆ ಎದ್ದ ಕಸವೆಲ್ಲ ನೇರವಾಗಿ ಜಾಲರಿಗೆ ಬಂದು ಕೂರುತ್ತದೆ. ಹಳೆಯ ರಬ್ಬರ್ ಕೊಳವೆಗಳೂ ಇದರಿಂದ ಉಬ್ಬಿ ಬಿರುಕು ಬಿಡುತ್ತವೆ. ನಲವತ್ತು ವರ್ಷ ಹಿಂದಿನ ಕಾರನ್ನು ಮಾಡಿದವರು ಇಂತಹ ಇಂಧನವನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ.

ರೋಗ ಒಂದೆಡೆ, ಮದ್ದು ಇನ್ನೊಂದೆಡೆ

ಜಾಲರಿ ಕಟ್ಟಿಕೊಂಡಿರುವುದಕ್ಕೆ ಕೆಲವು ಲಕ್ಷಣಗಳಿವೆ. ಊರೊಳಗೆ ನಿಧಾನವಾಗಿ ಓಡುವಾಗ ಕಾರು ಸರಿಯಾಗಿರುತ್ತದೆ. ಹೆದ್ದಾರಿಗೆ ಹೋಗಿ ವೇಗ ಹೆಚ್ಚಿಸಿದಾಗ ಅಥವಾ ಏರು ಹತ್ತುವಾಗ ಎಂಜಿನ್ ಬಿಕ್ಕಳಿಸಿ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟು ಚಾಲೂ ಮಾಡಿದರೆ ಏನೂ ಆಗದಂತೆ ಮತ್ತೆ ಓಡುತ್ತದೆ. ಎಳೆತ ನಿಂತಾಗ ಜಾಲರಿಗೆ ಅಂಟಿದ ಕಸ ಕೆಳಗೆ ಬೀಳುತ್ತದೆ, ಓಡಿಸಿದಾಗ ಮತ್ತೆ ಬಂದು ಅಂಟುತ್ತದೆ. ಇದೇ ಗುಟ್ಟು.

ಇದು ತಿಳಿಯದೆ ಎಷ್ಟೋ ಮನೆಗಳಲ್ಲಿ ಮೊದಲು ಪ್ಲಗ್ ಬದಲಾಗುತ್ತದೆ, ಆಮೇಲೆ ಕಾರ್ಬ್ಯುರೇಟರ್ ಬಿಚ್ಚಲಾಗುತ್ತದೆ, ಕೊನೆಗೆ ಪಂಪ್ ಕೂಡ ಬದಲಾಗುತ್ತದೆ. ಸಾವಿರಾರು ರೂಪಾಯಿ ಹೋದ ಮೇಲೂ ಕಾರು ಅದೇ ಏರಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಇಂತಹ ಲಕ್ಷಣ ಕಂಡರೆ ಮೆಕ್ಯಾನಿಕ್‌ಗೆ ಎರಡು ಮಾತು ಕೇಳಿರಿ: ಟ್ಯಾಂಕಿನ ಮುಚ್ಚಳ ಸಡಿಲಿಸಿ ಓಡಿಸಿ ನೋಡಿದಿರಾ? ಜಾಲರಿ ತೆಗೆದು ನೋಡಿದಿರಾ? ಮುಚ್ಚಳ ಸಡಿಲಿಸಿದಾಗ ಕಾರು ಸರಿಯಾಗಿ ಓಡಿದರೆ ಗಾಳಿ ಒಳಹೋಗುವ ಕಿಂಡಿ ಕಟ್ಟಿದೆ ಎಂದರ್ಥ, ಅದು ಕಡಿಮೆ ಖರ್ಚಿನ ಕೆಲಸ. ಹಾಗೂ ಸರಿಹೋಗದಿದ್ದರೆ ಜಾಲರಿ, ಕೊಳವೆಗಳತ್ತ ಗಮನ ಹರಿಸಬೇಕು.

ಸ್ವಚ್ಛಗೊಳಿಸುವ ಕ್ರಮ

ಜಾಲರಿ ಇರುವ ಜಾಗ ಎಲ್ಲ ಕಾರುಗಳಲ್ಲಿ ಒಂದೇ ಅಲ್ಲ. ಕೆಲವುಗಳಲ್ಲಿ ಇಂಧನ ಹೀರುವ ಕೊಳವೆಯ ತುದಿಗೆ ಇರುತ್ತದೆ, ಅದನ್ನು ಮೇಲಿನಿಂದ ಎತ್ತಿ ತೆಗೆಯಬೇಕು. ಹಳೆಯ ಮರ್ಸಿಡಿಸ್, ಫೋಕ್ಸ್‌ವ್ಯಾಗನ್ ಬೀಟಲ್ ಮುಂತಾದವುಗಳಲ್ಲಿ ಟ್ಯಾಂಕಿನ ಅಡಿಯಿಂದಲೇ ನಟ್ ಬಿಚ್ಚಿ ತೆಗೆಯುವಂತೆ ಇರುತ್ತದೆ. ಕೆಲಸವನ್ನು ಅನುಭವಿ ಮೆಕ್ಯಾನಿಕ್ ಮಾಡುವುದೇ ಒಳ್ಳೆಯದು. ಆದರೆ ಕ್ರಮ ನಮಗೂ ತಿಳಿದಿದ್ದರೆ ಅವಸರದ ಕೆಲಸವನ್ನು ತಡೆಯಬಹುದು.

ಮೊದಲು ಟ್ಯಾಂಕಿನ ಇಂಧನ ಆದಷ್ಟು ಕಡಿಮೆಯಾಗುವವರೆಗೆ ಕಾರು ಓಡಿಸಬೇಕು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಯಲಿನಲ್ಲಿ ನಿಲ್ಲಿಸಿ ಬ್ಯಾಟರಿಯ ನೆಗೆಟಿವ್ ತಂತಿ ಕಳಚಬೇಕು. ಮುಚ್ಚಳ ತೆರೆದು ಒಳಗಿನ ಒತ್ತಡ ಬಿಡಬೇಕು. ಉಳಿದ ಇಂಧನವನ್ನು ಮುಚ್ಚಳವಿರುವ ಲೋಹದ ಡಬ್ಬಿಗೆ, ಡಬ್ಬಿಯನ್ನು ನೆಲದ ಮೇಲಿಟ್ಟೇ ಇಳಿಸಬೇಕು. ನಂತರ ಕೊಳವೆ ಬಿಚ್ಚಿ, ಯಾವ ತಂತಿ ಎಲ್ಲಿತ್ತೆಂದು ಗುರುತು ಮಾಡಿಕೊಂಡು ಜಾಲರಿಯನ್ನು ಹೊರತೆಗೆಯಬೇಕು.

ಜಾಲರಿಯನ್ನು ಸ್ವಲ್ಪ ಪೆಟ್ರೋಲ್ ಅಥವಾ ಸೀಮೆಎಣ್ಣೆಯಲ್ಲಿ ನೆನೆಸಿ ಮೆತ್ತನೆಯ ಬ್ರಷ್‌ನಿಂದ ಉಜ್ಜಬೇಕು. ತಂತಿಯ ಬ್ರಷ್ ಬೇಡ, ಕಣ್ಣುಗಳು ಹರಿಯುತ್ತವೆ. ಗಾಳಿ ಹೊಡೆಯುವುದಾದರೆ ಒಳಗಿನಿಂದ ಹೊರಕ್ಕೆ, ಮೆಲ್ಲಗೆ. ಆಮೇಲೆ ಬೆಳಕಿಗೆ ಹಿಡಿದು ನೋಡಬೇಕು. ಒಂದು ಕಣ್ಣು ಹರಿದಿದ್ದರೂ ಹೊಸದನ್ನು ಹಾಕಿಸುವುದು ಉತ್ತಮ. ಜಾಲರಿ ಸಿಗುವುದಿಲ್ಲವೆಂದು ಅದನ್ನು ತೆಗೆದುಬಿಟ್ಟು ಕಾರು ಓಡಿಸುವವರಿದ್ದಾರೆ. ಸೋಸದ ಚಹಾ ಕುಡಿದರೆ ಬಾಯಿಗೆ ಪುಡಿ ಬರುತ್ತದೆ, ಅಷ್ಟೇ. ಸೋಸದ ಪೆಟ್ರೋಲ್ ಪಂಪ್ ಮತ್ತು ಕಾರ್ಬ್ಯುರೇಟರ್ ಎರಡನ್ನೂ ಹಾಳು ಮಾಡುತ್ತದೆ.

ಮರುಜೋಡಣೆಯಲ್ಲಿ ಹಳೆಯ ವಾಷರ್ ಮತ್ತೆ ಬಳಸಬಾರದು. ಕೊಳವೆ ಗಟ್ಟಿಯಾಗಿದ್ದರೆ ಎಥೆನಾಲ್ ತಡೆಯುವ ಹೊಸ ಕೊಳವೆ ಹಾಕಿಸಬೇಕು. ಪಂಪಿಗೆ ಮೊದಲು ಒಂದು ಚಿಕ್ಕ ಪಾರದರ್ಶಕ ಫಿಲ್ಟರ್ ಹಾಕಿಸಿದರೆ ಕಸ ಬರುತ್ತಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಅದರ ಮೇಲಿನ ಬಾಣದ ಗುರುತು ಎಂಜಿನ್ ಕಡೆಗೆ ಇರಬೇಕು. ನಾಲ್ಕೈದು ಲೀಟರ್ ಇಂಧನ ಹಾಕಿ, ಅಡಿಯಲ್ಲಿ ಕಾಗದ ಹಾಸಿ, ಅರ್ಧ ಗಂಟೆ ಕಾದು ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆಯೇ ಚಾಲೂ ಮಾಡಬೇಕು. ಡೀಸೆಲ್ ಅಂಬಾಸಡರ್ ಆದರೆ ಕೊಳವೆಗಳಲ್ಲಿ ಸೇರಿದ ಗಾಳಿಯನ್ನೂ ಹೊರಗೆ ಬಿಡಬೇಕು, ಇಲ್ಲದಿದ್ದರೆ ಎಂಜಿನ್ ಹತ್ತುವುದಿಲ್ಲ.

ಜಾಲರಿ ತೊಳೆದ ಕೆಲವೇ ದಿನಗಳಲ್ಲಿ ಮತ್ತೆ ಕಟ್ಟಿಕೊಂಡರೆ ದೋಷ ಟ್ಯಾಂಕಿನದು. ಆಗ ಟ್ಯಾಂಕನ್ನೇ ಇಳಿಸಿ ತುಕ್ಕು ತೆಗೆಸಬೇಕು.

ಅಂಗಳದಲ್ಲಿ ಬೆಂಕಿಯ ಭಯ

ಸಹೋದರಿಯರು ಮುಖ್ಯವಾಗಿ ಗಮನಿಸಬೇಕಾದ ಭಾಗ ಇದು. ನಮ್ಮ ಕಡೆ ಇಂತಹ ಕೆಲಸ ಹೆಚ್ಚಾಗಿ ನಡೆಯುವುದು ಗ್ಯಾರೇಜಿನಲ್ಲಲ್ಲ, ಮನೆಯ ಅಂಗಳದಲ್ಲಿ. ಪಕ್ಕದಲ್ಲಿ ಅಡುಗೆಮನೆಯ ಕಿಟಕಿ, ಬಚ್ಚಲ ಒಲೆ, ಸುತ್ತ ಆಡುವ ಮಕ್ಕಳು. ಪೆಟ್ರೋಲಿನ ಆವಿ ಕಣ್ಣಿಗೆ ಕಾಣುವುದಿಲ್ಲ. ಅದು ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಹೊಸ್ತಿಲ ಅಡಿಯಿಂದ ಒಳನುಗ್ಗಿ ದೂರದಲ್ಲಿ ಉರಿಯುತ್ತಿರುವ ಒಲೆಯನ್ನು ತಲುಪಬಲ್ಲದು. ಕೆಲಸ ಮುಗಿದು ವಾಸನೆ ಹೋಗುವ ತನಕ ಒಲೆ, ಗ್ಯಾಸ್, ಬೀಡಿ, ಊದುಬತ್ತಿ ಯಾವುದೂ ಹೊತ್ತಬಾರದು. ಸ್ವಿಚ್ ಹಾಕುವುದು, ಆರಿಸುವುದೂ ಬೇಡ.

ಹತ್ತಿರದಲ್ಲಿ ಒಣ ಮರಳಿನ ಬಕೆಟ್ ಮತ್ತು ಸಾಧ್ಯವಾದರೆ ಒಣಪುಡಿಯ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಪೆಟ್ರೋಲ್ ಬೆಂಕಿಗೆ ನೀರು ಸುರಿಯಬಾರದು, ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿಯನ್ನು ಇನ್ನಷ್ಟು ಹರಡುತ್ತದೆ. ಎಲ್ಲಕ್ಕಿಂತ ಅಪಾಯಕಾರಿ, ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಮಾಡುವುದು. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕ್ ಸುಲಭವಾಗಿ ಸ್ಫೋಟಿಸುತ್ತದೆ. ತೂತು ಬಿದ್ದ ಟ್ಯಾಂಕನ್ನು ಒಳಗಿನ ಆವಿ ಪೂರ್ತಿ ಹೋಗಲಾಡಿಸಿ ಬೆಸೆಯುವುದನ್ನು ಬಲ್ಲ ಕುಶಲಕರ್ಮಿಗೇ ಒಪ್ಪಿಸಬೇಕು.

ಇಳಿಸಿದ ಪೆಟ್ರೋಲನ್ನು ನೀರಿನ ಬಾಟಲಿಯಲ್ಲೋ ತಂಪು ಪಾನೀಯದ ಬಾಟಲಿಯಲ್ಲೋ ತುಂಬಿಡುವ ರೂಢಿ ಇದೆ. ಇದನ್ನು ಖಂಡಿತ ಬಿಡಬೇಕು. ಬೇಸಿಗೆಯಲ್ಲಿ ಬಾಯಾರಿ ಓಡಿಬಂದ ಮಗು ಬಾಟಲಿಯನ್ನು ನೋಡುತ್ತದೆಯೇ ಹೊರತು ಒಳಗಿನದ್ದನ್ನಲ್ಲ. ಕೊಳವೆಗೆ ಬಾಯಿ ಹಚ್ಚಿ ಪೆಟ್ರೋಲ್ ಎಳೆಯುವುದೂ ಅಷ್ಟೇ ಕೆಟ್ಟದ್ದು. ಒಂದು ಗುಟುಕು ಶ್ವಾಸನಾಳಕ್ಕೆ ಹೋದರೂ ಪುಪ್ಪುಸಕ್ಕೆ ತೀವ್ರ ಹಾನಿ. ಯಾರಾದರೂ ನುಂಗಿದರೆ ವಾಂತಿ ಮಾಡಿಸಬಾರದು. ವಾಂತಿಯಾಗುವಾಗ ಅದು ಪುಪ್ಪುಸಕ್ಕೆ ಇಳಿಯುವ ಸಂಭವ ಹೆಚ್ಚು. ಉಪ್ಪುನೀರು ಕುಡಿಸುತ್ತ ಕೂರದೆ 108ಕ್ಕೆ ಕರೆ ಮಾಡಿ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಕೊಳೆ ಪೆಟ್ರೋಲನ್ನು ಚರಂಡಿಗೆ ಸುರಿಯುವುದೂ ತಪ್ಪು. ನಮ್ಮ ಓಣಿಯ ಚರಂಡಿ ನೆರೆಮನೆಯ ಬಾಗಿಲ ಮುಂದೆಯೇ ಹರಿಯುತ್ತದೆ. ನೆರೆಯವರಿಗೆ ನಮ್ಮಿಂದ ಕೇಡಾಗಬಾರದೆಂದು ಮಕ್ಕಳಿಗೆ ಪಾಠ ಹೇಳುವ ನಾವು ಅವರ ಮನೆಯ ಕಡೆಗೆ ಬೆಂಕಿಯ ಆವಿ ಕಳಿಸಬಹುದೇ? ಹಳೆಯ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಟ್ಟು ಕಳಿಸಬೇಕು.

ಮುಂದೆ ಹೀಗಾಗದಿರಲು

ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕನ್ನು ಪೂರ್ತಿ ತುಂಬಿಸಿಡುವುದು ಅರೆ ಖಾಲಿ ಬಿಡುವುದಕ್ಕಿಂತ ಲೇಸು, ಆಗ ತೇವಕ್ಕೆ ಜಾಗ ಇರುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಹತ್ತಿಪ್ಪತ್ತು ಕಿ.ಮೀ. ಓಡಿಸಬೇಕು. ಮುಚ್ಚಳದ ರಬ್ಬರ್ ಒಣಗಿದ್ದರೆ ಬದಲಾಯಿಸಬೇಕು. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಜಾಲರಿ ತೆಗೆಸಿ ನೋಡಬೇಕು. ಕಾಗದಪತ್ರಗಳೂ ಸರಿಯಾಗಿರಲಿ: ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 50 ವರ್ಷ ದಾಟಿದ ಕಾರನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಬಹುದಾದರೂ ಹಾಗೆ ನೋಂದಾಯಿಸಿದರೆ ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಹಿರಿಯರು ಬಿಟ್ಟುಹೋದ ಕಾರು ಒಂದು ರೀತಿಯ ಅಮಾನತ್ತು. ಅದನ್ನು ಹೊರಗಿನಿಂದ ಒರೆಸಿ ಹೊಳೆಯಿಸುವುದರಲ್ಲಿ ನಾವು ಕೊರತೆ ಮಾಡುವುದಿಲ್ಲ. ಕಣ್ಣಿಗೆ ಕಾಣದ ತಳವನ್ನು ಮಾತ್ರ ಮರೆಯುತ್ತೇವೆ. ಮುಂದಿನ ಸಲ ಮೆಕ್ಯಾನಿಕ್ ಅಂಗಳಕ್ಕೆ ಬಂದಾಗ ಮಕ್ಕಳನ್ನು ಒಳಗೆ ಕರೆದು, ಒಲೆ ಆರಿಸಿ, ಆ ಜಾಲರಿಯನ್ನೊಮ್ಮೆ ತೆಗೆದು ತೋರಿಸಲು ಹೇಳಿರಿ.